ಮದುಮಗಳ ಮಲ್ಲಿಗೆ ನನ್ನ ತೊಡೆಯ ಮೇಲೆ

ಆಗುಂಬೆಯ ತಿರುವಿನಲ್ಲಿ ಬಸ್ಸಿನ ಬ್ರೇಕು ಕೈಕೊಡಬಹುದಿತ್ತು. ಉಡುಪಿಯಲ್ಲಿ ಲಾಡ್ಜ್ ಸಿಗದಿರಬಹುದಿತ್ತು; ಸಿಕ್ಕರೆ ತಿಗಣೆ. ಹರ್ನಿಯಾ ಎಂದದ್ದು ಬೇರೇನೋ ಆಗಿರಬಹುದಿತ್ತು. ಮತ್ತಿನ ಮದ್ದು ಕೊಟ್ಟ ಮೇಲೆ ಎಚ್ಚರವೇ ಆಗದಿದ್ದರೆ ಚಿತ್ರದುರ್ಗದ ನನ್ನ ಕೋಣೆಯ ಬೀಗ ಯಾರು ಒಡೆಯಬೇಕೆಂಬುದನ್ನೂ ಘಟ್ಟ ಇಳಿಯುವಾಗಲೇ ಯೋಚಿಸಿದ್ದೆ. ಯೋಚಿಸದೆ ಬಿಟ್ಟದ್ದು ಒಂದೇ. ಶನಿವಾರ ಮಣಿಪಾಲದ ಡಾಕ್ಟರು, ಸೋಮವಾರ ಆಪರೇಷನ್, ನಿಮ್ಮ ಕಡೆಯವರೊಬ್ಬರು ಬಂದು ಸಹಿ ಹಾಕಬೇಕು, ಇಲ್ಲದಿದ್ದರೆ ಮುಂದಕ್ಕೆ ಎಂದರು. ಮದುವೆಯಾಗದ ಟೈಪಿಂಗ್ ಮೇಷ್ಟ್ರು ನಾನು. ನನಗೆ ಕಡೆ ಎಂಬುದೇ ಇರಲಿಲ್ಲ.

ಭಾನುವಾರ ಲಾಡ್ಜಿನಲ್ಲಿ ಕೂತು ಹೆದರುವ ಬದಲು ಸಮುದ್ರ ನೋಡುತ್ತಾ ಹೆದರೋಣವೆಂದು ಕಾಪುವಿನ ಬಸ್ಸು ಹತ್ತಿದೆ. ಎಂಟು ಮೈಲು, ಸುಮಾರು ಒಂದು ರೂಪಾಯಿ, ಮೇ ತಿಂಗಳ ಬೆವರು. ಕಟಪಾಡಿಯಲ್ಲಿ ರೇಷ್ಮೆ ಸೀರೆಯ ಹೆಂಗಸೊಬ್ಬರು ಹತ್ತಿ, ಬಾಳೆಲೆಯಲ್ಲಿ ಸುತ್ತಿದ ಶಂಕರಪುರ ಮಲ್ಲಿಗೆಯ ದೊಡ್ಡ ಕಟ್ಟನ್ನು ನನ್ನ ತೊಡೆಯ ಮೇಲಿಟ್ಟು ಮುಂದೆ ಹೋಗಿ ನಿಂತರು. ಆ ಕಡೆ ನಿಂತವರ ಸಾಮಾನು ಕೂತವರ ತೊಡೆಗೆ ಸೇರುವುದು ವಾಡಿಕೆ, ಕೇಳುವ ಪದ್ಧತಿಯಿಲ್ಲ. ಕಾಪುವಿಗೆ ಒಂದು ಸ್ಟಾಪು ಮೊದಲು ಅವರು ಮುಂದಿನ ಬಾಗಿಲಿನಿಂದ ಇಳಿದೇಬಿಟ್ಟರು. ಹೂವು ಇಳಿಯಲಿಲ್ಲ.

ರೇಷ್ಮೆ ಸೀರೆ, ಅಷ್ಟೊಂದು ಹೂವು: ಮದುವೆಯೇ ಇರಬೇಕು. ಕಳ್ಳನೆಂದು ಹೊಡೆಯುತ್ತಾರೆಂದುಕೊಳ್ಳುತ್ತಲೇ ಕಾಪುವಿನಲ್ಲಿ ಇಳಿದು, ಹರ್ನಿಯಾದವನಿಗೆ ಸಾಧ್ಯವಾದಷ್ಟು ಹಿಂದಕ್ಕೆ ಓಡಿದೆ. ವಾಲಗದ ಸದ್ದು ಹಿಡಿದು ಚಪ್ಪರ ತಲುಪಿದರೆ ಅದೇ ಹೆಂಗಸು ಬಾಗಿಲಲ್ಲಿ ತಲೆಯ ಮೇಲೆ ಕೈಹೊತ್ತು ನಿಂತಿದ್ದರು. ಮದುಮಗಳ ಚಿಕ್ಕಮ್ಮ, ಗಿರಿಜಕ್ಕ. ನಾನು ಕ್ಷಮೆ ಕೇಳುವ ಮೊದಲೇ ಅವರೇ ಕೇಳಿದರು. ಒಳಗೆ ಜಡೆ ಹೂವಿಗಾಗಿ ಕಾಯುತ್ತಿತ್ತು.

ಹಿರಿಯರೊಬ್ಬರು ನನ್ನನ್ನು ಮೇಲೆ ಕೆಳಗೆ ನೋಡಿ, ಇವರು ಯಾರ ಕಡೆಯವರು ಎಂದರು.

"ನಮ್ಮ ಕಡೆಯವರೇ," ಎಂದರು ಗಿರಿಜಕ್ಕ.

ಧಾರೆಯ ಹೊತ್ತಿಗೆ ನೀರೆರೆಯುವ ಗಿಂಡಿಗೆ ಕೈ ತಾಗಿಸಲು ಮನೆಯವರೆಲ್ಲ ಮುಂದಾದಾಗ ಹಿಂದಿನಿಂದ ಯಾರೋ ನನ್ನನ್ನೂ ತಳ್ಳಿದರು. ಹತ್ತಾರು ಕೈಗಳ ನಡುವೆ ನನ್ನದೂ ಒಂದು.

ಊಟದ ಪಂಕ್ತಿಯಲ್ಲಿ ಮಟ್ಟುಗುಳ್ಳ ಬದನೆಯ ಸಾಂಬಾರು ಬಡಿಸುತ್ತಾ ಗಿರಿಜಕ್ಕ ನನ್ನಿಂದ ಹೆಸರು, ಊರು, ಮನೆ, ಬಂದ ಕಾರಣ ಎಲ್ಲ ಹೊರಡಿಸಿದರು. ಸಹಿಯ ಸಂಗತಿಯನ್ನು ತಮಾಷೆಯಾಗಿಯೇ ಹೇಳಿದ್ದೆ. ಅವರು ನಗಲಿಲ್ಲ.

"ನಾಳೆ ಎಷ್ಟು ಗಂಟೆಗೆ?"

"ಎಂಟಕ್ಕೆ. ಆದರೆ ನಿಮಗೆ ನನ್ನ ಪರಿಚಯವೇ ಇಲ್ಲ."

"ಎಂತ ಪರಿಚಯ ಮಾರಾಯ್ರೆ? ಅವರು ಕೇಳಿದ್ದು ಸಹಿ ಅಲ್ವಾ, ಹೆಣ್ಣು ಕೇಳಿದ್ದಲ್ಲವಲ್ಲ. ಅನ್ನ ಬೇಕಾ?"

ಬೇಕೋ ಬೇಡವೋ ಎಂದು ನಾನು ಹೇಳುವ ಮೊದಲೇ ಅವರು ಬಡಿಸಿಯೇ ಹೋದರು.

ಬರಲಾರರು, ಮದುವೆ ಮನೆಯಲ್ಲಿ ಹೇಳುವ ಮಾತದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಮರುದಿನ ಏಳೂಮುಕ್ಕಾಲಿಗೆ ಗಂಡನನ್ನು ಕರೆದುಕೊಂಡು ಆಸ್ಪತ್ರೆಗೆ ಬಂದೇಬಿಟ್ಟರು. ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಕೌಂಟರಿನಲ್ಲಿ ಎಲ್ಲವನ್ನೂ ತಾವೇ ಬರೆಸಿ, ಸಹಿ ಹಾಕಿದರು. ಎಚ್ಚರವಾದಾಗ ಎದುರಿಗೆ ಗಿರಿಜಕ್ಕ, ಫ್ಲಾಸ್ಕು, ಗಂಜಿ.

ಎಂಟನೆಯ ದಿನ ಅವರ ಗಂಡ ನನ್ನನ್ನು ಕಾರ್ಕಳದ ಮೇಲೆ ಹೋಗುವ ಬಸ್ಸಿಗೆ ಹತ್ತಿಸಿ, ಕಿಟಕಿಯ ಸೀಟು ಹಿಡಿದುಕೊಟ್ಟರು. ಕಾರ್ಕಳ ದಾಟಿದ ಮೇಲೆ ಆಸ್ಪತ್ರೆಯ ಕಾಗದ ಬಿಚ್ಚಿ ನೋಡಿದೆ. ಹೆಸರು ಸರಿ, ಊರು ಸರಿ. ಸಂಬಂಧ: ಅಣ್ಣ. ಅದನ್ನು ಮೂರು ಸಲ ಓದಿದೆ. ವಯಸ್ಸೊಂದನ್ನು ಮಾತ್ರ ಗಿರಿಜಕ್ಕ ನನ್ನನ್ನು ಕೇಳದೆ, ಮುಖ ನೋಡಿಯೇ ಬರೆಸಿದ್ದರು: ಅರವತ್ತೆರಡು.

ನನಗಾಗ ನಲವತ್ತೊಂಬತ್ತು.