ಕ್ವಾರ್ಟರ್‌ಬ್ಯಾಕ್ ಬಂದ, ನಾನು ಹೋದೆ

ನನ್ನ ಗಂಡನಿಗೆ ಅಮೆರಿಕನ್ ಫುಟ್‌ಬಾಲಿನ ಹುಚ್ಚು ಹತ್ತಿದ್ದು ಅವನ ಕಾರ್ಖಾನೆಯಿರುವ ಜುರಾಂಗ್ ಐಲ್ಯಾಂಡಿಗೆ ಹೋಗುವ ಕಂಪನಿ ಬಸ್ಸಿನಲ್ಲಿ. ಅಮೆರಿಕದವರ ಭಾನುವಾರದ ಪಂದ್ಯ ನಮಗೆ ಸೋಮವಾರ ಬೆಳಿಗ್ಗೆ. ಪಕ್ಕದ ಸೀಟಿನವನ ಫೋನಿನಲ್ಲಿ ಇಣುಕಿ ನೋಡಿ ನೋಡಿ, ಕ್ರಿಕೆಟ್ ಬಿಟ್ಟು ಬೇರೇನನ್ನೂ ಆಟವೆಂದೇ ಒಪ್ಪದಿದ್ದ ಈ ಮೈಸೂರಿನ ಮನುಷ್ಯ ನಾವೀಗ ಇರುವ ಯಿಶುನ್‌ನಲ್ಲಿ ಒಂದು ತಂಡದ ಕ್ಯಾಪ್ಟನ್ ಆಗಿ ಕೂತ. ನಾನೂ ಸೇರಿಕೊಂಡೆ. ನಮ್ಮದು ಮೈಮೇಲೆ ಬೀಳದ ಆಟ. ಓಡುವವರ ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಅವರು ಅಲ್ಲಿಗೇ ನಿಲ್ಲಬೇಕು. ಕೀಳುವುದರಲ್ಲಿ ನಾನು ಗಟ್ಟಿಗಿತ್ತಿ. ಆಂಗ್ ಮೋ ಕಿಯೋದ ಆಫೀಸಿನಲ್ಲಿ ವಾರವಿಡೀ ಬಾಯಿ ಮುಚ್ಚಿಕೊಂಡಿರುವವಳಿಗೆ ಅದೊಂದು ಖುಷಿ. ಅವನ ಶಿಫ್ಟುಗಳ ನಡುವೆ ನಾವಿಬ್ಬರೂ ಒಟ್ಟಿಗೆ ಕಳೆಯುತ್ತಿದ್ದ ಸಂಜೆಯೂ ಅದೊಂದೇ ಆಗಿತ್ತು.

ಪ್ರತಿ ಸೀಸನ್ನಿಗೂ ಮುಂಚೆ ಡ್ರಾಫ್ಟ್ ನಡೆಯುತ್ತದೆ. ಕ್ಯಾಪ್ಟನ್‌ಗಳು ಸರದಿಯಂತೆ ಒಬ್ಬೊಬ್ಬರೇ ಆಟಗಾರರನ್ನು ಆರಿಸಿಕೊಳ್ಳುತ್ತಾರೆ. ಆ ಸರದಿಗೆ ಪಿಕ್ ಎಂದು ಹೆಸರು. ಬೇಕಾದವನು ಬೇರೆ ತಂಡದ ಪಾಲಾಗಿದ್ದರೆ ಮುಂದಿನ ಸೀಸನ್ನಿನ ಪಿಕ್ ಬಿಟ್ಟುಕೊಟ್ಟು ಅವನನ್ನು ಕರೆತರಬಹುದು. ಆದರೆ ಗಂಡ ಹೆಂಡತಿ ಜೋಡಿಯೆಂದು ಅವರ ಕ್ಯಾಪ್ಟನ್ ಹೇಳಿದರೆ ಅವರನ್ನು ಯಾರೂ ಬೇರೆ ಮಾಡುವಂತಿಲ್ಲ. ಅದು ನಮ್ಮ ಲೀಗಿನ ಪದ್ಧತಿ.

ಆ ಸಲ ನಮ್ಮಲ್ಲಿ ಕ್ವಾರ್ಟರ್‌ಬ್ಯಾಕ್ ಇರಲಿಲ್ಲ. ಚೆಂಡು ಎಸೆಯುವವನೂ ಅವನೇ, ಆಟ ನಡೆಸುವವನೂ ಅವನೇ. ಅವನಿಲ್ಲದ ತಂಡ ಎಷ್ಟು ಓಡಿದರೂ ಅಷ್ಟೇ. ಇನ್ನೊಂದು ತಂಡದಲ್ಲಿ ಇಬ್ಬರಿದ್ದರು. ಊಟಕ್ಕೆ ಕೂತರೂ ನನ್ನ ಗಂಡನದು ಅದೇ ರಾಗ.

"ಅಮೆರಿಕದಲ್ಲಿ ಟೀಮ್‌ಗಳು ಒಬ್ಬ ಕ್ವಾರ್ಟರ್‌ಬ್ಯಾಕ್‌ಗೋಸ್ಕರ ವರ್ಷಗಟ್ಟಲೆ ಫಸ್ಟ್ ಪಿಕ್ ಬಿಟ್ಕೊಡ್ತಾರೆ ಕಣೇ. ಮುಂದೆ ಯಾರ್ ಸಿಗ್ತಾರೋ ಯಾರಿಗ್ ಗೊತ್ತು? ಇವನು ಇವತ್ತು ಕಣ್ಮುಂದೆ ಇದ್ದಾನೆ."

ನಾನು ಹೂಂಗುಟ್ಟುತ್ತಾ ಸಾರು ಬಡಿಸಿದೆ.

ಟ್ರೇಡ್, ಅಂದರೆ ಅದಲುಬದಲು, ಆದದ್ದು ನನಗೆ ತಿಳಿದದ್ದು ಎಂಆರ್‌ಟಿ ರೈಲಿನಲ್ಲಿ ನಿಂತಿದ್ದಾಗ, ಲೀಗಿನ ಗ್ರೂಪ್ ಮೆಸೇಜಿನಿಂದ. ಅವರಿಂದ ಕ್ವಾರ್ಟರ್‌ಬ್ಯಾಕ್, ನಮ್ಮಿಂದ ಮುಂದಿನ ಸೀಸನ್ನಿನ ಮೊದಲ ಪಿಕ್, ಜೊತೆಗೆ ನಾನು. ಇವರು ಜೋಡಿ ಅಲ್ಲವೇ ಎಂದು ಯಾರೋ ಕೇಳಿದ್ದರು. ಪರವಾಗಿಲ್ಲ, ಜೋಡಿ ಎಂದು ಹಿಡಿಯಬೇಡಿ ಎಂದು ನನ್ನ ಗಂಡನೇ ಉತ್ತರಿಸಿದ್ದ. ಕೆಳಗೆ ನಗುವ ಮುಖಗಳ ಸಾಲು. ನಾನಿಳಿಯಬೇಕಿದ್ದ ಯಿಶುನ್ ಬಂದು ಹೋದದ್ದೇ ಗೊತ್ತಾಗಲಿಲ್ಲ.

"ನನಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದೆ ಮನೆಯಲ್ಲಿ.

"ಬರೀ ಪಿಕ್‌ಗೆ ಅವ್ರು ಒಪ್ಲಿಲ್ಲ. ನೀನೇ ಬೇಕು ಅಂದ್ರು. ನಮ್ ಟೀಮಲ್ಲಿ ಬೇರೆ ಯಾರಿಗೂ ಅಷ್ಟು ವ್ಯಾಲ್ಯೂ ಇಲ್ಲ, ಖುಷಿಪಡು! ಮುಂದಿನ್ ಸೀಸನ್ ಜೋಡಿ ಅಂತ ಹೇಳ್ಸಿ ವಾಪಸ್ ತಗೋತೀನಿ, ಬಿಡು."

ತಮಾಷೆಗೆ ಹೇಳಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಅವನು ನಿಜವಾಗಿಯೂ ನನ್ನನ್ನು ಹೊಗಳುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು.

ಅವನ ತಂಡ ಗೆಲ್ಲತೊಡಗಿತು. ಅವನ ಪಂದ್ಯ ಮುಗಿದ ಮೇಲೆ ನನ್ನದು. ನಾನು ಮೈದಾನಕ್ಕಿಳಿಯುವಾಗ ಅವನು ಕ್ವಾರ್ಟರ್‌ಬ್ಯಾಕ್‌ನ ಹೆಗಲ ಮೇಲೆ ಕೈಹಾಕಿಕೊಂಡು ಊಟದಂಗಡಿಗಳ ಹಾಕರ್ ಸೆಂಟರ್ ಕಡೆ ಹೊರಟಿರುತ್ತಿದ್ದ. ಒಮ್ಮೆಯಾದರೂ ನಿಂತು ನನ್ನ ಆಟ ನೋಡುತ್ತಾನೇನೋ ಎಂದು ಕಾದೆ. ನೋಡಲಿಲ್ಲ. ನನ್ನ ಹೊಸ ಕ್ಯಾಪ್ಟನ್, ನಡುವಯಸ್ಸಿನ ಚೀನೀ ಹೆಂಗಸು, ಆಟದ ಮುಂಚೆ ನಿನಗೆ ಯಾವ ಕಡೆ ನಿಲ್ಲುವುದು ಇಷ್ಟ ಎಂದು ವಿಚಾರಿಸುತ್ತಿದ್ದಳು. ಮೊದಲ ದಿನ ಎರಡೂ ಕಡೆ ನಿಂತು ನೋಡಿ ಹೇಳಿದೆ.

ಮುಂದಿನ ಡ್ರಾಫ್ಟಿಗೆ ಮುಂಚೆ ಅವಳು ಫೋನ್ ಮಾಡಿದಳು. ನಾನು ಸ್ಪೀಕರಿನಲ್ಲಿಟ್ಟು ಬೀನ್ಸ್ ಹೆಚ್ಚುತ್ತಿದ್ದೆ. ಈ ಸಲ ಜೋಡಿಯೆಂದು ಹೇಳಲೋ, ಬೇರೆ ಬೇರೆ ಎನ್ನಲೋ ಎಂದು ಕೇಳಿದಳು. ಬೇರೆಯಾದರೆ ನಿನ್ನ ಗಂಡ ಕೊಟ್ಟ ಪಿಕ್ಕಿನಲ್ಲೇ ಮೊದಲು ನಿನ್ನನ್ನು ತೆಗೆದುಕೊಳ್ಳುತ್ತೇನೆ ಎಂದು ನಕ್ಕಳು.

ಎದುರಿಗೆ ಕೂತಿದ್ದ ಗಂಡ ತಲೆಯೆತ್ತಿದ. "ಜೋಡಿ ಅನ್ನು. ಫಸ್ಟ್ ಪಿಕ್ ಅವ್ರ ಹತ್ರ ಇದೆ, ಇಲ್ದಿದ್ರೆ ನೀನು ನನಗೆ ಸಿಗಲ್ಲ."

ಅವನ ದನಿಯಲ್ಲಿ ಗಾಬರಿಯಿತ್ತು. ಇಷ್ಟು ತಿಂಗಳು ನಾನು ಕಾದದ್ದು ಆ ಗಾಬರಿಗಾಗಿಯೇ ಇರಬೇಕು. ಆದರೂ ಬೇರೆ ಎಂದೇ ಹೇಳಿದೆ. ಹೇಳಿದ ಮೇಲೆ ಅಳು ಬರಬಹುದೆಂದುಕೊಂಡಿದ್ದೆ, ಬರಲಿಲ್ಲ. ಹಾಯೆನಿಸಿತು. ಗಂಡನ ಮುಖ ನೋಡುತ್ತಿದ್ದಾಗಲೇ ಹಾಗನಿಸಿತಲ್ಲ ಎಂದು ಇವತ್ತಿಗೂ ನನಗೆ ಭಯವಾಗುತ್ತದೆ.