ಬಿದ್ದಿದ್ದನೇ ಎಂದು ಮೂರು ಸಲ ಕೇಳಿದವಳು

ಅವಳ ಬಲಗೈ ಹೆಬ್ಬೆರಳು ಮರದ ಸೌಟಿನ ತುದಿಯಂತೆ ಚಪ್ಪಟೆಯಾಗಿತ್ತು. ಉಗುರು ಎಣ್ಣೆ ಕುಡಿದು ಕಪ್ಪಾಗಿತ್ತು. ವರ್ಷಗಟ್ಟಲೆ ಊರಿನವರ ಎಲುಬು ಒತ್ತಿ ಒತ್ತಿ ಹಾಗಾಗಿದೆ ಎಂದು ಹೇಳುತ್ತಿದ್ದರು. ಆ ಬೆರಳನ್ನು ಮುರಿದ ಕೈಯ ಮೇಲಿಟ್ಟು ಅವಳು ಕಣ್ಣು ಮುಚ್ಚಿದಳೆಂದರೆ ಸುತ್ತ ನಿಂತವರು ಕೆಮ್ಮುವುದಕ್ಕೂ ಹೆದರುತ್ತಿದ್ದರು.

ಮಸ್ಕಿಯಲ್ಲಿ ನಮ್ಮ ಮನೆಯ ಹಿಂದಿನ ಮುಸಲ್ಮಾನರ ಓಣಿಯಲ್ಲಿ ಅವಳ ಮನೆ. ಯಾವ ಜಾತಿಯವರೇ ಇರಲಿ, ಮಕ್ಕಳೆಲ್ಲ ಅವಳನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಮೆತ್ತಗಿನ ಹೆಂಗಸಲ್ಲ. ಬೈಯದೆ ಅವಳ ಕೈಯಿಂದ ಒಂದು ಕಟ್ಟೂ ಬೀಳುತ್ತಿರಲಿಲ್ಲ. ಬಂಡಿಯಿಂದ ಬಿದ್ದು ಬಂದ ಗೌಡರಿಗೂ "ಕಣ್ಣು ನೆತ್ತಿಮ್ಯಾಲ ಇಟಗೊಂಡು ಹೊಂಟಿದ್ರೇನ್ರಿ?" ಎಂದು ಕೇಳಿದ ಮೇಲೆಯೇ ಬಿದಿರಿನ ದಬ್ಬೆ ಕಟ್ಟುತ್ತಿದ್ದಳು. ಮೊಟ್ಟೆಯ ಲೋಳೆ, ಉದ್ದಿನ ಹಿಟ್ಟು, ಹಳೆಯ ಧೋತರದ ಪಟ್ಟಿ, ದಬ್ಬೆ: ಇಷ್ಟರಲ್ಲೇ ಅವಳ ವೈದ್ಯ ಮುಗಿಯುತ್ತಿತ್ತು. ನಮ್ಮದು ದಿನವೂ ಲಿಂಗಪೂಜೆ ಮಾಡುವ ಮನೆ. ಮೊಟ್ಟೆ ಬೇಡವೆಂದು ನಮ್ಮ ಸೋದರತ್ತೆ ಹೇಳಿ ಕಳಿಸಿದರೆ ಬರೀ ಉದ್ದಿನ ಹಿಟ್ಟು ಹಚ್ಚುತ್ತಿದ್ದಳು. "ಎಲುಬಿಗೆ ಜಾತಿ ಇಲ್ಲ, ನಿಮ್ಮತ್ತಿಗೆ ಐತಿ" ಎಂದು ಅದಕ್ಕೂ ಬೈಯುತ್ತಿದ್ದಳು.

ಸಣ್ಣ ಮಕ್ಕಳನ್ನು ತಂದಾಗ ಅವಳದು ಬೇರೆಯೇ ಪದ್ಧತಿ. ದೊಡ್ಡವರನ್ನೆಲ್ಲ ಅಂಗಳಕ್ಕೆ ಅಟ್ಟುತ್ತಿದ್ದಳು. ಆ ಕೂಸನ್ನು ಹೊತ್ತು ತಿರುಗುವ ಅಕ್ಕ ಯಾರು, ಅಣ್ಣ ಯಾರು ಎಂದು ಕೇಳಿ ಅವರನ್ನಷ್ಟೇ ಒಳಗೆ ಉಳಿಸಿಕೊಳ್ಳುತ್ತಿದ್ದಳು. "ತಾಯಿ ಹಡಿತಾಳ, ಹೊರಾವ್ರು ಇವ್ರು. ಕೂಸಿಗೆ ಏನಾಗೈತಿ ಅಂತ ಇವ್ರ ಟೊಂಕಕ್ಕ ಗೊತ್ತಿರತೈತಿ" ಎನ್ನುತ್ತಿದ್ದಳು. ಸುಳ್ಳು ಹೇಳದ ಮಕ್ಕಳಿಗೆ ಡಬ್ಬಿಯಿಂದ ಬೆಲ್ಲ ಸಿಗುತ್ತಿತ್ತು. ಇನ್ನೊಂದು ಮಾತನ್ನು ಎಲ್ಲರಿಗೂ ಹೇಳುತ್ತಿದ್ದಳು: "ಬಿದ್ದು ಕುಂಟಿದ್ರ ನನ್ನ ಕಡಿ ತರ್ರಿ. ಬೀಳದ ಕುಂಟಿದ್ರ ದವಾಖಾನಿಗಿ ಒಯ್ರಿ. ನನ್ನ ಬಾಗಿಲ ತುಳೀಬ್ಯಾಡ್ರಿ."

ನನಗೆ ಆಗ ಒಂಬತ್ತು ವರ್ಷ. ತಮ್ಮನಿಗೆ ಎರಡು ತುಂಬಿರಲಿಲ್ಲ. ಅವನನ್ನು ಹೊರಲೆಂದೇ ನನ್ನನ್ನು ಮೂರನೇ ಜಮಾತಿಗೆ ಶಾಲೆ ಬಿಡಿಸಿದ್ದರು. ನಿಜಾಮರ ಆಳಿಕೆ ಹೋಗಿ ಒಂದು ವರ್ಷವಾಗಿತ್ತು. ಅವ್ವ ತಮ್ಮನನ್ನು ಕರೆದುಕೊಂಡು ಮುಕ್ಕುಂದದ ತವರಿಗೆ ಹೋಗಿದ್ದಳು. ಮರಳಿ ಬಂದ ದಿನ ಅಮಾವಾಸ್ಯೆಯಾಗಿತ್ತು. ಮನೆ ನಡೆಸುತ್ತಿದ್ದ ವಿಧವೆ ಸೋದರತ್ತೆಗೆ ಅದೊಂದು ಸಾಕಾಯಿತು.

ಬಂದ ಎರಡನೇ ದಿನದಿಂದಲೇ ನನಗೆ ತಿಳಿದಿತ್ತು. ಸೊಂಟದ ಮೇಲೆ ಕೂರಿಸಿಕೊಂಡರೆ ತಮ್ಮ ಎಡಗಾಲು ಅಗಲಿಸುತ್ತಿರಲಿಲ್ಲ. ಎರಡೂ ಕಾಲು ಜೋಡಿಸಿ ಜಾರಿಬಿಡುತ್ತಿದ್ದ. ಸಂಜೆಯಾದರೆ ಅವನ ಮೈ ನನ್ನ ಪಕ್ಕೆಗೆ ಬಿಸಿ ತಾಗುತ್ತಿತ್ತು. ಬೆಳಗ್ಗೆ ಆರಿರುತ್ತಿತ್ತು. ನಾನು ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ನಾಲ್ಕನೇ ದಿನ ಪಡಸಾಲೆಯಲ್ಲಿ ಅವನು ಕುಂಟುತ್ತ ಬಂದದ್ದು ಎಲ್ಲರಿಗೂ ಕಂಡಿತು.

ನಿನ್ನೆ ಮೊನ್ನೆ ಓಡುತ್ತಿದ್ದ ಕೂಸು ಇವತ್ತು ಕುಂಟಿದರೆ ಮೊದಲು ಕೂಸನ್ನು ನೋಡಬೇಕು. ನಮ್ಮ ಮನೆಯಲ್ಲಿ ಮೊದಲು ನೋಡಿದ್ದು ಅವ್ವನ ಮುಖವನ್ನು.

"ಅಮಾಸಿ ದಿನ ಕೂಸಿನ್ನ ಕಟಗೊಂಡು ಬಂದಾಳ. ಗಾಳಿ ಸೋಕದ ಬಿಡತೈತೇನು?" ಎಂದಳು ಅತ್ತೆ. "ತವರುಮನಿ ಹುಚ್ಚಿಗೆ ಒಬ್ಬನ ಒಬ್ಬ ಗಂಡುಮಗನ್ನ ಕುಂಟ ಮಾಡಿದಿ ನೋಡು."

ಅಪ್ಪ ಅಂಗಡಿಗೆ ಹೊರಟು ನಿಂತವನು ಬಾಗಿಲಲ್ಲೇ ತಡೆದು, ಅವ್ವನನ್ನು ದಿಟ್ಟಿಸಿದ. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ಇನ್ನು ಅವಳನ್ನು ತವರಿಗೆ ಕಳಿಸುವುದಿಲ್ಲ ಎಂಬುದು ನನಗೂ ಅರ್ಥವಾಗಿತ್ತು. ನಾನು ಹೇಳಿಬಿಟ್ಟೆ:

"ನಾನ ಕೆಡವೀನಿ. ಆಡಾಕತ್ತಿದ್ದೆ, ಕಟ್ಟಿಮ್ಯಾಲಿಂದ ಬಿದ್ದ."

ಅವ್ವ ಹತ್ತಿರ ಬಂದು ನನ್ನ ಕೆನ್ನೆಗೆ ಹೊಡೆದಳು. ಹೊಡೆಯುವಾಗ ಅವಳ ಮುಖದಲ್ಲಿ ನೆಮ್ಮದಿ ಇತ್ತು. ಆ ನೆಮ್ಮದಿಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅಂಥ ನೆಮ್ಮದಿ ಬೇಕಾಗುವಂತೆ ಅವಳನ್ನು ಬಾಳಿಸಿದವರನ್ನೂ ಕ್ಷಮಿಸಿಲ್ಲ.

"ಬಿದ್ದಿದ್ರ ಖಾಲಾನ ಕಡಿ ಒಯ್ರಿ" ಎಂದು ಅಪ್ಪ ಅಂಗಡಿಗೆ ಹೋದ.

ಖಾಲಾ ಅವ್ವನನ್ನು ಅಂಗಳದಲ್ಲಿ ಕೂರಿಸಿ, ತಮ್ಮನನ್ನು ಚಾಪೆಯ ಮೇಲೆ ಮಲಗಿಸಿ, ನನ್ನನ್ನು ಎದುರಿಗೆ ನಿಲ್ಲಿಸಿಕೊಂಡಳು.

"ಬಿದ್ದಿದ್ನೇನು?"

"ಹ್ಞೂಂ."

ಹೆಬ್ಬೆರಳು ಪಾದದಿಂದ ತೊಡೆಯವರೆಗೆ ಹತ್ತಿತು. ಮೇಲೆ ಹೋದಂತೆ ತಮ್ಮ ಚೀರಿದ. "ಕಂದಿಲ್ಲ, ತರಚಿಲ್ಲ" ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಮತ್ತೆ ನನ್ನನ್ನು ನೋಡಿದಳು.

"ನೀ ನೋಡಿದೇನು, ಬಿದ್ದಿದ್ದು? ಮೈ ಏನರ ಬೆಚ್ಚಗ ಆಗಿತ್ತೇನು?"

"ನೋಡೀನಿ. ಬೆಚ್ಚಗ ಆಗಿಲ್ಲ."

ಅವಳು ಕೈ ತೆಗೆದು ಮೊಣಕಾಲ ಮೇಲಿಟ್ಟುಕೊಂಡಳು. ಆವತ್ತು ಬೈಯಲಿಲ್ಲ. "ಕೇಳು ಬೇಟಿ. ಅಂವ ಬಿದ್ದಿಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ. ಇವತ್ತ ಲಿಂಗಸುಗೂರ ದವಾಖಾನಿಗಿ ಒಯ್ಯಬೇಕು. ಹಿಂದ ಒಂದ್ ಸಲ ಕೇಳದನ ಕಟ್ಟೀನಿ. ಆ ಕೂಸು ಉಳೀಲಿಲ್ಲ. ಅದು ನನ್ನ ಮಗಳ ಮಗಳು. ಖರೇ ಹೇಳು. ನಾ ಯಾರಿಗೂ ಹೇಳಂಗಿಲ್ಲ. ಬಿದ್ದಿದ್ನೇನು?"

ನನ್ನ ತಪ್ಪು ಇದು. ಮನೆಯಲ್ಲಿ ಹೇಳಿದ ಸುಳ್ಳು ಅವ್ವನಿಗಾಗಿ. ಇಲ್ಲಿ ಅವ್ವ ಇರಲಿಲ್ಲ, ಅತ್ತೆ ಇರಲಿಲ್ಲ. ಇಲ್ಲಿ ಹೇಳಿದ್ದು ನನಗಾಗಿ. ಒಂದು ಏಟು ತಿಂದಾಗಿತ್ತು. ಈಗ ನಿಜ ಹೇಳಿದರೆ ಸುಳ್ಳಿಗೆಂದು ಇನ್ನೊಂದು ಬೀಳುತ್ತದೆ. ಒಂಬತ್ತು ವರ್ಷದ ತಲೆಗೆ ಅಷ್ಟೇ ಹೊಳೆದದ್ದು ಎಂದು ಜನ ನನ್ನನ್ನು ಸಮಾಧಾನ ಮಾಡಬಹುದು. ಬೇಡ. ಅವಳು ಹೇಳಿದ ಒಂದೊಂದು ಮಾತೂ ನನಗೆ ತಿಳಿದಿತ್ತು.

"ಖರೇ ಬಿದ್ದಾನ" ಎಂದೆ.

ಅವಳು ತೊಡೆಯಿಂದ ಮೊಣಕಾಲಿನವರೆಗೆ ಕಟ್ಟು ಕಟ್ಟಿದಳು. ಜ್ವರ ಬಂದರೆ ಆ ಗಳಿಗೆಗೇ ತನ್ನನ್ನು ಕರೆಯಬೇಕೆಂದು ಅವ್ವನಿಗೆ ಎರಡು ಸಲ ಹೇಳಿದಳು. ಕೊನೆಗೆ ಡಬ್ಬಿ ತೆರೆದು ನನಗೆ ಬೆಲ್ಲ ಕೊಟ್ಟಳು. ನಾನು ತಿಂದೆ.

ಮೂರನೇ ದಿನ ತಮ್ಮ ಅಳುವುದನ್ನು ನಿಲ್ಲಿಸಿದ. ಮೈ ಹಂಚಿನಂತೆ ಕಾಯುತ್ತಿತ್ತು. "ಕಟ್ಟಿನ ನೋವಿಗೆ ಬಂದ ಜ್ವರ, ಇಳೀತೈತಿ" ಎಂದಳು ಅತ್ತೆ. ಅವ್ವ ಖಾಲಾನನ್ನು ಕರೆಯಲು ಎದ್ದವಳು ಕುಳಿತಳು. ನಾನಾದರೂ ಓಡಬಹುದಿತ್ತು, ಹಿಂದಿನ ಓಣಿ, ನೂರು ಹೆಜ್ಜೆ. ಓಡಲಿಲ್ಲ.

ನಾಲ್ಕನೇ ದಿನ ಬೆಳಗ್ಗೆ ಖಾಲಾ ಕಟ್ಟು ನೋಡಲು ತಾನಾಗಿಯೇ ಬಂದಳು. ತೊಡೆಯ ಮೇಲೆ ಹೆಬ್ಬೆರಳು ಇಟ್ಟವಳು ಕೆಂಡ ಮುಟ್ಟಿದಂತೆ ಹಿಂದೆಗೆದಳು. ಆಮೇಲೆ ನೋಡಿದ್ದು ಕೂಸನ್ನಲ್ಲ, ನನ್ನನ್ನು. ಕಟ್ಟಿನ ಗಂಟನ್ನು ಹಲ್ಲಿನಿಂದ ಕಚ್ಚಿ ಹರಿದಳು. ಅತ್ತೆ ಏನೋ ಹೇಳಲು ಬಂದಾಗ "ಸರಿಯಾಚೆ, ಹೆಣ ನೋಡೂ ಹಂಗ ಆಗೈತೇನು ನಿನಗ?" ಎಂದು ಅವಳನ್ನು ಪಕ್ಕಕ್ಕೆ ತಳ್ಳಿ, ತಮ್ಮನನ್ನು ಎತ್ತಿಕೊಂಡು ಮೋಟಾರು ನಿಲ್ಲುವ ಕಡೆ ನಡೆದೇಬಿಟ್ಟಳು. ಅವ್ವ, ನಾನು ಹಿಂದೆ ಓಡಿದೆವು.

ಬಸ್ಸಿನಲ್ಲಿ ಅವ್ವನಿಗೆ ಮುಂದೆ ಜಾಗ ಸಿಕ್ಕಿತು. ಖಾಲಾ ಹಿಂದಿನ ಸೀಟಿನಲ್ಲಿ ತಮ್ಮನನ್ನು ಮಡಿಲಲ್ಲಿ ಹಾಕಿಕೊಂಡು ಕುಳಿತಳು, ಪಕ್ಕದಲ್ಲಿ ನಾನು. ಊರು ದಾಟಿದ ಮೇಲೆ ಮೆಲ್ಲಗೆ "ಈಗ ಹೇಳು" ಎಂದಳು.

"ಬಿದ್ದಿಲ್ಲ ಖಾಲಾ. ಮೈನೂ ಬಿಸಿ ಇತ್ತು."

ಲಿಂಗಸುಗೂರು ಬರುವವರೆಗೆ ಅವಳು ಸೆರಗಿನಿಂದ ತಮ್ಮನ ಮುಖಕ್ಕೆ ಗಾಳಿ ಹಾಕುತ್ತ ಕುಳಿತಳು.

ಟೊಂಕದ ಕೀಲಿನಲ್ಲಿ ಕೀವು ತುಂಬಿತ್ತು. ಡಾಕ್ಟರು ದಬ್ಬೆಯ ಗುರುತು ನೋಡಿ ಸಿಡಿದರು. "ಯಾರು ಕಟ್ಟಿದ್ದು ಇದನ್ನ? ಕುಂಟಿದ ದಿನಾನ ತಂದಿದ್ರ ಕಾಲು ಉಳೀತಿತ್ತು."

"ನಾನ ರೀ ಸಾಹೇಬ್ರ. ಬಿದ್ದಾನ ಅಂತ ತಿಳಕೊಂಡೆ. ನಂದ ತಪ್ಪು" ಎಂದಳು ಖಾಲಾ.

ನಾನು ಅವಳ ಮಗ್ಗುಲಲ್ಲೇ ನಿಂತಿದ್ದೆ. ಅವಳ ಹೆಬ್ಬೆರಳು ನನ್ನ ಭುಜವನ್ನು ಒತ್ತಿತು. ಸುಮ್ಮನಿರು ಎಂದು ಒತ್ತಿದಳೋ, ಈಗಲಾದರೂ ಬಾಯಿ ಬಿಡು ಎಂದು ಒತ್ತಿದಳೋ ನನಗೆ ತಿಳಿಯದು. ನನಗೆ ಅನುಕೂಲವಾದ ಅರ್ಥವನ್ನೇ ತೆಗೆದುಕೊಂಡೆ.

ಕೀಲು ಕೊಯ್ದು ಕೀವು ತೆಗೆದರು. ತಮ್ಮ ಬದುಕಿದ. ಎಡಗಾಲು ಗಿಡ್ಡವಾಯಿತು.

ಊರಿಗೆ ಮರಳಿದಾಗ ಅತ್ತೆ ಬಾವಿಕಟ್ಟೆಯಲ್ಲೆಲ್ಲ ಹೇಳಿಯಾಗಿತ್ತು: ಖಾಲಾ ಕಟ್ಟಿ ಕುಂಟ ಮಾಡಿದಳು ಎಂದು. ಆ ವರ್ಷ ಅಂಥವಳ ಮೇಲೆ ಯಾವ ತಪ್ಪನ್ನಾದರೂ ಹೊರಿಸಬಹುದಿತ್ತು. ನಿಜಾಮರ ಆಳಿಕೆ ಬಿದ್ದ ಗಲಾಟೆಯ ದಿನಗಳಲ್ಲಿ ಊರು ಬಿಟ್ಟ ಅವಳ ಮಗ ಮರಳಿರಲಿಲ್ಲ. ಅವರ ಓಣಿಯ ಅರ್ಧ ಬಾಗಿಲುಗಳಿಗೆ ಬೀಗವಿತ್ತು. "ಬೇಕಂತ ಮಾಡ್ಯಾಳ" ಎಂದೂ ಒಬ್ಬರು ಅಂದರು. ಅವಳು ಕೂಡಿಸಿಕೊಟ್ಟ ಕೈಗಳಿಂದಲೇ ನೀರು ಸೇದುತ್ತಿದ್ದವರು ಹೌದೆಂದು ತಲೆಯಾಡಿಸಿದರು. ಕೈ ಮುರಿದವರು ಸಿಂಧನೂರಿನವರೆಗೆ ಬಂಡಿ ಕಟ್ಟಿಕೊಂಡು ಹೋಗತೊಡಗಿದರು. ಅವಳ ಅಂಗಳ ಬರಿದಾಯಿತು. ನಾನು ದಿನವೂ ಕೊಡ ಹೊತ್ತು ಅದರ ಮುಂದೆಯೇ ಹಾದುಹೋಗುತ್ತಿದ್ದೆ.

ನನ್ನನ್ನು ಕಂಡರೆ "ಉಂಡೇನು?" ಎಂದಷ್ಟೇ ಕೇಳುತ್ತಿದ್ದಳು. ಊರಿಗೆಲ್ಲ ಬೈಯುತ್ತಿದ್ದವಳು ನನಗೆ ಮಾತ್ರ ಮತ್ತೆಂದೂ ಬೈಯಲಿಲ್ಲ. ಹೊಡೆದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇನೋ. ಆ ಸಿಟ್ಟು ಅವಳ ಮೇಲೂ ಇದೆ ನನಗೆ. ಇರಬಾರದು, ಆದರೆ ಇದೆ.

ತಮ್ಮನಿಗೆ ಆರು ವರ್ಷವಾದಾಗ ಓರಗೆಯ ಹುಡುಗರು ಕುಂಟ ಎಂದು ಕಾಡಿದರು. ಅವನು ಹೋಗಿ ಖಾಲಾನ ಬಾಗಿಲಿಗೆ ಕಲ್ಲು ತೂರಿದ. ಎಳೆದುತರಲು ನಾನು ಓಡಿದೆ. ಅವಳು ಹೊರಗೆ ಬಂದು ಹೊಸ್ತಿಲಲ್ಲಿ ನಿಂತಳು. ಮೂರನೆಯ ಕಲ್ಲು ಅವಳ ಕಾಲಿಗೆ ತಾಗಿತು. ಅವಳು ಕಲ್ಲನ್ನು ನೋಡಲೇ ಇಲ್ಲ. ಕುಂಟುತ್ತ ಓಡಿಹೋಗುವ ತಮ್ಮನ ಸೊಂಟವನ್ನೇ ನೋಡುತ್ತಿದ್ದಳು.

"ಎಡಗಡಿ ಚಪ್ಪಲಿಗಿ ಇನ್ನೊಂದು ಪದರ ತೊಗಲ ಹಚ್ಚಸು" ಎಂದಳು ನನಗೆ. "ಇಲ್ಲಂದ್ರ ಬೆನ್ನ ಸೊಟ್ಟ ಆಗತೈತಿ. ನಾ ಹೇಳೀನಿ ಅಂತ ಹೇಳಬ್ಯಾಡ, ಹಾಕ್ಕೊಳಂಗಿಲ್ಲ ಅಂವ."

ನಾನು ಚಪ್ಪಲಿ ಹೊಲಿಯುವವನ ಹತ್ತಿರ ಹಚ್ಚಿಸಿದೆ. ಅವಳು ಹೇಳಿದಳೆಂದು ಹೇಳಲಿಲ್ಲ. ಈ ಒಂದು ಸಲ ಸುಮ್ಮನಿದ್ದದ್ದು ಅವಳ ಅಪ್ಪಣೆಯಂತೆ.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅವಳು ತೀರಿಕೊಂಡಳು. ಹೊತ್ತುಕೊಂಡು ಹೋಗಲು ನಾಲ್ಕು ಜನ ಸೇರುವುದೇ ತಡವಾಯಿತು. ನಾನು ನಮ್ಮ ಹಿತ್ತಿಲ ಗೋಡೆಯ ಸಂದಿಯಿಂದ ನೋಡಿದೆ. ಆಗಲೂ ಹೊರಗೆ ಬರಲಿಲ್ಲ.

ಅತ್ತೆ ಹೋದಳು, ಅಪ್ಪ ಹೋದ, ಅವ್ವನೂ ಹೋದಳು. ಇನ್ನು ಯಾರ ಮಾನ ಉಳಿಸುವುದಿದೆ? ತಮ್ಮನಿಗೆ ಮೊಮ್ಮಕ್ಕಳಾಗಿವೆ. ಕಾಲು ಯಾಕೆ ಹೀಗೆ ಎಂದು ಅವು ಕೇಳಿದರೆ "ಸಣ್ಣಾಂವ ಇದ್ದಾಗ ಒಬ್ಬಾಕಿ ಕಟ್ಟಿ ಕೆಡಿಸಿದ್ಳು" ಎನ್ನುತ್ತಾನೆ. ಹೋದ ವಾರವೂ ಅಂದ. ನಾನು ರೊಟ್ಟಿ ಬಡಿಯುತ್ತಿದ್ದೆ, ಕೈ ನಿಲ್ಲಲಿಲ್ಲ.

ಅವತ್ತೇ ಇದನ್ನು ಬರೆಯಲು ಕುಳಿತೆ. ಅವನು ಈಗ ಪಡಸಾಲೆಯಲ್ಲಿ ಕುಳಿತಿದ್ದಾನೆ. ಹೊಸ್ತಿಲ ಹೊರಗೆ ಅವನ ಚಪ್ಪಲಿಗಳಿವೆ, ಎಡಗಡೆಯದು ದಪ್ಪ. ಎಷ್ಟು ಜೊತೆ ಸವೆದರೂ ಪ್ರತಿ ಸಲ ಹಾಗೆಯೇ ಮಾಡಿಸಿಕೊಳ್ಳುತ್ತಾನೆ. ಬೆನ್ನು ನೆಟ್ಟಗಿದೆ. ಈ ಹಾಳೆಗಳನ್ನು ಹಿಡಿದು ಅವನ ಎದುರಿಗೆ ಹೋಗಿ ಕೂರುತ್ತೇನೆ. ಅವನು ಏನು ಬೇಕಾದರೂ ಅನ್ನಲಿ. ಮೊದಲು ಅವಳು ಕೇಳಿದ್ದಕ್ಕೆ ಉತ್ತರ ಹೇಳುತ್ತೇನೆ: ನೀನು ಬಿದ್ದಿರಲಿಲ್ಲ.