ಸರ್ ಹೇಳದ ಪಾಠ

ನನಗೆ ಕೂತಲ್ಲಿ ಕೂಡಲು ಬರುವುದಿಲ್ಲ. ಪುಸ್ತಕ ತೆರೆದರೆ ಎಡಗಾಲು ತಾನೇ ಕುಣಿಯುತ್ತದೆ. ಎರಡನೇ ಸಾಲಿಗೆ ಎದ್ದು ನೀರು ಕುಡಿಯಬೇಕು, ಐದನೇ ಸಾಲಿಗೆ ಆ ನೀರನ್ನು ಹೊರಗೆ ಬಿಟ್ಟು ಬರಬೇಕು. ಇಂಥವನು ಪಿಯುಸಿಗೆ ಸೈನ್ಸ್ ತಗೊಂಡದ್ದು ನನ್ನ ತಪ್ಪಲ್ಲ, ಎಸ್ಸೆಸ್ಸೆಲ್ಸಿಯಲ್ಲಿ ಅಪ್ಪಿತಪ್ಪಿ ಬಿದ್ದ ಮಾರ್ಕ್ಸಿನ ತಪ್ಪು.

ಓದು ಬರದಿದ್ದರೂ ಮಂದಿಯ ದನಿ ತೆಗೆಯಲು ಬರುತ್ತಿತ್ತು. ಅಪ್ಪ ಕುಷ್ಟಗಿಯ ತಾಲ್ಲೂಕು ಕಚೇರಿಯಲ್ಲಿ ಕಾರಕೂನ. ಅವನು ತಹಶೀಲ್ದಾರರ ಮುಂದೆ ಆಡುವ ದನಿ ಒಂದು, ನಮ್ಮ ಮುಂದೆ ಆಡುವ ದನಿ ಇನ್ನೊಂದು. ಎರಡನ್ನೂ ಮಾಡಿ ತೋರಿಸಿ ಎರಡಕ್ಕೂ ಬೇರೆ ಬೇರೆ ಏಟು ತಿಂದಿದ್ದೆ. ನನ್ನ ದನಿಯನ್ನೂ ಬಿಟ್ಟವನಲ್ಲ: ಸರ್ ಪ್ರಶ್ನೆ ಕೇಳಿದಾಗ ಗಂಟಲಿಂದ ಬರುವ ಆಡಿನ ಮರಿಯ ಕೂಗು.

ಗಂಗಾವತಿಯ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುತ್ತಿದ್ದ ಸರ್ ಮೈಸೂರು ಕಡೆಯವರು. ವರ್ಗವಾಗಿ ನಮ್ಮ ಬಿಸಿಲಿಗೆ ಬಂದು ಬಿದ್ದಿದ್ದರು. ಇಂಗ್ಲಿಷಿನಲ್ಲಿ ಒಂದು ಸಾಲು ಓದಿ, ಕನ್ನಡಕ ಹಣೆಗೆ ಏರಿಸಿ, "ಅಂದ್ರೆ ಏನರ್ಥ ಮಹರಾಯರೆ?" ಎಂದು ಕೇಳಿ, ತಾವೇ ಉತ್ತರ ಹೇಳುತ್ತಿದ್ದರು. ನಾವು "ಆತ್ರಿ ಸರ, ತಿಳೀತ್ರಿ ಸರ" ಅನ್ನುತ್ತಿದ್ದೆವು. ತಿಳಿಯುತ್ತಿರಲಿಲ್ಲ. ಆದರೆ ಅವರ ಪಾಠ ನನಗೆ ದನಿಯ ಸಮೇತ ಅಂಟಿಕೊಳ್ಳುತ್ತಿತ್ತು. ನಾನಿದ್ದ ಬಾಡಿಗೆ ಕೋಣೆಗೆ ಬಂದು ನಲವತ್ತು ನಿಮಿಷದ ಕ್ಲಾಸನ್ನು ಕೆಮ್ಮು ಸಹಿತ ಒಪ್ಪಿಸುತ್ತಿದ್ದೆ. ಒಂದಕ್ಷರದ ಅರ್ಥ ಗೊತ್ತಿಲ್ಲದೆ ಮಂತ್ರ ಹೇಳುವವರು ಇರುವುದಿಲ್ಲವೇ, ಹಾಗೆ.

ಈ ವಿದ್ಯೆಗೆ ಒಬ್ಬಳೇ ಗಿರಾಕಿ, ನನ್ನ ಅಕ್ಕ. ನನಗಿಂತ ಒಂದು ವರ್ಷ ಮುಂದೆ ಅದೇ ಕಾಲೇಜಿನಲ್ಲಿ ಎರಡನೇ ಪಿಯುಸಿ ಓದಿ, ಎಲ್ಲದರಲ್ಲೂ ಪಾಸಾಗಿ, ಕೆಮಿಸ್ಟ್ರಿಯೊಂದರಲ್ಲೇ ಎಡವಿದ್ದಳು. ಒಂದು ವಿಷಯಕ್ಕಾಗಿ ಮತ್ತೆ ಗಂಗಾವತಿಯಲ್ಲಿ ಇರಿಸುವುದು ಯಾಕೆ, ಮನೆಯಲ್ಲೇ ಓದಿ ಪರೀಕ್ಷೆಗೆ ಹೋಗಿ ಬರಲಿ ಎಂದು ಅಪ್ಪ ಅವಳನ್ನು ಕುಷ್ಟಗಿಗೆ ಕರೆಸಿಕೊಂಡಿದ್ದ. ಯಲಬುರ್ಗಿಯಿಂದ ಒಂದು ಮನೆತನದವರು ಅವಳನ್ನು ಕೇಳಿಕೊಂಡು ಬಂದಿದ್ದರು. ಅಪ್ಪ ಖಡಾಖಂಡಿತ ಹೇಳಿದ್ದ: "ಈ ಸಲ ಪಾಸಾದ್ರ ಕೊಪ್ಪಳಕ್ಕ ಡಿಗ್ರಿಗಿ ಹಾಕ್ತೀನಿ. ನಪಾಸಾದ್ರ ಯಲಬುರ್ಗಿ ಮಂದಿಗಿ ಹೂಂ ಅಂತೀನಿ. ಆಮ್ಯಾಲ ಅಳಬ್ಯಾಡ."

ಅಕ್ಕ ಅಳಲಿಲ್ಲ. ನೋಟ್‌ಬುಕ್ ಹೊಲಿದುಕೊಂಡು ಕೂತಳು.

ಪ್ರತಿ ಶನಿವಾರ ಸಂಜೆ ನಾನು ಬಸ್ಸಿಳಿದು ಮನೆಗೆ ಬಂದರೆ ಚಹಾಕ್ಕಿಂತ ಮೊದಲು ಅವಳ ಮಾತು: "ಲೇ ಮಂಗ್ಯಾ, ಸರನ್ನ ತಗಿ." ನಾನು ಅವ್ವನ ಕನ್ನಡಕ ಹಣೆಗೇರಿಸಿ ಶುರು ಮಾಡುತ್ತಿದ್ದೆ. ಅವಳು ಹೊರಸಿನ ಮೇಲೆ ಕೂತು ಬರೆದುಕೊಳ್ಳುತ್ತಿದ್ದಳು. ಅಯಾನುಗಳ ಸಮತೋಲನದ ಪಾಠ ಬಂದಾಗ ನಾನು, "ನೋಡಕ್ಕೆ ಎಲ್ಲಾ ನಿಂತ ಹಾಗಿರುತ್ತೆ ಮಹರಾಯರೆ, ಒಳಗೆ ಯಾವುದೂ ನಿಂತಿರೋಲ್ಲ! ಒಡೆಯೋದು ಒಡೀತಾನೇ ಇರುತ್ತೆ, ಕೂಡೋದು ಕೂಡ್ತಾನೇ ಇರುತ್ತೆ" ಎಂದೆ. ಅಕ್ಕ ತಲೆ ಎತ್ತದೆ, "ನೀ ಹೊರಗೂ ನಿಂದ್ರಂಗಿಲ್ಲಲ್ಲ, ನಿನ್ನ ಯಾವ ಪಾಠದಾಗ ಹಾಕ್ಯಾರ?" ಅಂದಳು. ಅವ್ವ ರೊಟ್ಟಿ ಬಡಿಯುತ್ತಲೇ ನಕ್ಕಳು.

ಆ ಪಾಠದಲ್ಲಿ ಒಂದು ಭಾಗ ಇತ್ತು. ಅಮೋನಿಯಂ ಹೈಡ್ರಾಕ್ಸೈಡ್ ಇರುವ ನೀರಿಗೆ ಅಮೋನಿಯಂ ಕ್ಲೋರೈಡ್ ಹಾಕಿದರೆ ಏನಾಗುತ್ತದೆ ಎಂಬುದು. ಸರ್ ಅದನ್ನು ಹೇಳಿದ ದಿನ ನಾನು ಕ್ಲಾಸಿನಲ್ಲಿ ಇರಲಿಲ್ಲ. ಕೋಣೆಯ ಗೆಳೆಯನ ಸೈಕಲ್ಲಿನ ಹಿಂದೆ ಕೂತು ಸಾಣಾಪುರದ ಕೆರೆಗೆ ಈಜಲು ಹೋಗಿದ್ದೆ. ಶನಿವಾರ ಅಕ್ಕ ಪೆನ್ನು ಹಿಡಿದು ಕೂತಾಗ, ಕ್ಲಾಸಿಗೆ ಹೋಗಿಲ್ಲ ಅನ್ನಲು ಬಾಯಿ ಬರಲಿಲ್ಲ. ಕನ್ನಡಕ ಏರಿಸಿದೆ. ಬಾಯಿಗೆ ಬಂದದ್ದನ್ನೇ ಸರ್ ಮಾಡಿಬಿಟ್ಟೆ.

"ಅಂದ್ರೆ ಏನರ್ಥ ಮಹರಾಯರೆ? ತಮ್ಮ ಕಡೆಯವರು ಬಂದಿದಾರೆ ಅಂತ ಗೊತ್ತಾದ ಕೂಡಲೇ ಒಳಗಿದ್ದ ಅಯಾನ್‌ಗಳೂ ಖುಷಿಯಿಂದ ಹೊರಗೆ ಬರ್ತವೆ! ಒಡೆಯೋದು ಇನ್ನೂ ಜಾಸ್ತಿ!"

ಅಕ್ಕ ಪೆನ್ನು ನಿಲ್ಲಿಸಿದಳು. "ಜಾಸ್ತಿ ಹೆಂಗಲೇ? ಕಮ್ಮಿ ಆಗಬೇಕಲ್ಲ?"

ನಾನು ಮೇಜು ಕುಟ್ಟಿದೆ. "ಸರ್ ನಾನೋ ನೀವೋ?"

ಅವಳು ನಕ್ಕು ಬರೆದುಕೊಂಡಳು. ಕೆಳಗೆ ಎರಡು ಗೆರೆಯನ್ನೂ ಎಳೆದಳು.

ಇದನ್ನು ನಾನು ಮರೆತೇಬಿಟ್ಟಿದ್ದೆ. ಕೆಮಿಸ್ಟ್ರಿ ಪರೀಕ್ಷೆಗೆ ನಾಲ್ಕು ದಿನ ಇರುವಾಗ ಸರ್ ನಮ್ಮನ್ನು ಕರೆದು ಒಂದು ಸಲ ಎಲ್ಲ ತಿರುವಿಹಾಕಿಸಿದರು. ನನ್ನ ಕಡೆ ಸೀಮೆಸುಣ್ಣ ತೋರಿಸಿ ಅದೇ ಪ್ರಶ್ನೆ ಕೇಳಿದರು. ನಾನು ಎದ್ದು ಆಡಿನ ಮರಿಯ ದನಿಯಲ್ಲಿ, "ಜಾಸ್ತಿ ಒಡಿತಾವ್ರಿ ಸರ, ಖುಷೀಲೆ" ಎಂದೆ. ಕ್ಲಾಸು ಗೊಳ್ಳೆಂದಿತು.

"ಯಾವ ಪುಸ್ತಕದಲ್ಲಿದೆ ಮಹರಾಯ ಈ ಖುಷಿ?" ಎಂದರು ಸರ್. ಆಮೇಲೆ ಬೋರ್ಡಿಗೆ ತಿರುಗಿ, ತನ್ನ ಜಾತಿಯ ಅಯಾನ್ ಮೊದಲೇ ತುಂಬಿಕೊಂಡಿದ್ದರೆ ಒಡೆಯುವುದು ಕಡಿಮೆಯಾಗುತ್ತದೆ, ಇದು ಪ್ರತಿ ವರ್ಷ ಬರುವ ಪ್ರಶ್ನೆ, ಎಂದು ಬರೆದರು.

ಹುಡುಗರ ನಗೆ ನನಗೆ ಕೇಳಿಸಲಿಲ್ಲ. ಎರಡು ಗೆರೆ ಎಳೆದ ಆ ಹಾಳೆ ಕಣ್ಣ ಮುಂದೆ ನಿಂತಿತ್ತು. ಅಕ್ಕ ಪರೀಕ್ಷೆಯ ಮುಂಜಾನೆಯೇ ಅಪ್ಪನ ಜೊತೆ ಸೀದಾ ಬರುವವಳು. ಆಗ ಗೇಟಿನಲ್ಲಿ ಕೈ ಹಿಡಿದು "ಅದು ಸುಳ್ಳು" ಅಂದರೆ ಉಳಿದದ್ದೂ ಅವಳ ತಲೆಯಿಂದ ಹಾರಿಹೋಗುತ್ತದೆ. ಕ್ಲಾಸು ಬಿಟ್ಟವನೇ ಬಸ್‌ಸ್ಟ್ಯಾಂಡಿಗೆ ಓಡಿದೆ.

ಬಸ್ಸು ತಾವರಗೇರಿಯಲ್ಲಿ ಪಂಕ್ಚರ್ ಆಯಿತು. ನಾನು ಇಳಿದೆ, ಟೈರು ನೋಡಿದೆ, ಹತ್ತಿದೆ, ಸೀಟಿನ ಕಬ್ಬಿಣ ಬಡಿದೆ, ಮತ್ತೆ ಇಳಿದೆ. ಕಂಡಕ್ಟರು ಬೀಡಿ ಹಚ್ಚುತ್ತಾ, "ಲೇ ತಮ್ಮಾ, ನೀ ಹತ್ತಿ ಇಳದ್ರ ಗಾಳಿ ತುಂಬಂಗಿಲ್ಲೋ. ಮನ್ಯಾಗ ಯಾರ್ಗರ ಆರಾಮಿಲ್ಲೇನು?" ಎಂದ.

"ಅಕ್ಕಗ ರೀ."

"ಏನಾಗೇತಿ?"

"ನಾ ಆಗೀನಿ" ಅಂದೆ. ಅವನಿಗೆ ತಿಳಿಯಲಿಲ್ಲ. ಪಾಪದ ಹುಡುಗ ಅಂದುಕೊಂಡು ಮುಂದಿನ ಸೀಟಿನಲ್ಲಿ ಕೂರಿಸಿದ.

ಮನೆಗೆ ಹೋದಾಗ ಅಕ್ಕ ಪಡಸಾಲೆಯಲ್ಲಿ ಜೋಳ ಹಸನ ಮಾಡುತ್ತಿದ್ದಳು. ಮೊರದ ಪಕ್ಕ ನೋಟ್‌ಬುಕ್ ತೆರೆದಿತ್ತು. ನಾನು ರೂಢಿಯಂತೆ ಕನ್ನಡಕಕ್ಕೆ ಕೈ ಹಾಕಿದೆ. ಸರ್ ದನಿಯಲ್ಲಿ ಹೇಳಿದರೆ ಬೈಗುಳ ಅವರಿಗೆ ಬೀಳುತ್ತದೆ ಎಂಬ ಲೆಕ್ಕಾಚಾರ. "ಒಂದು ಸಣ್ಣ ತಿದ್ದುಪಡಿ ಮಹರಾಯರೆ…"

ಅಕ್ಕ ನನ್ನ ಮುಖ ನೋಡಿದಳು. "ಸರ ಬ್ಯಾಡ. ನೀ ಹೇಳು."

ಹೇಳಿದೆ. ಸಾಣಾಪುರ, ಸೈಕಲ್ಲು, ಖುಷಿಯ ಅಯಾನು, ಎಲ್ಲ. ಅವಳು ಬೈಯಲಿಲ್ಲ. ಬೈದಿದ್ದರೆ ಆ ಬೈಗುಳವನ್ನೂ ಕಲಿತುಕೊಂಡು ಹಗುರಾಗುತ್ತಿದ್ದೆ. ಮೊರ ಪಕ್ಕಕ್ಕೆ ಸರಿಸಿ, ನೋಟ್‌ಬುಕ್ಕನ್ನು ಮೊದಲನೇ ಹಾಳೆಗೆ ತಿರುವಿ ಕೇಳಿದಳು: "ಇನ್ನ ಎಷ್ಟ್ ಕಡಿ ಹಿಂಗ ಮಾಡೀದಿ?"

"ಅದೊಂದ ಅಕ್ಕ, ಆಣಿ ಮಾಡ್ತೀನಿ."

"ನಿನ್ನ ಆಣಿ ಯಾರ ದನ್ಯಾಗ ಐತಿ?"

ಆ ಸಂಜೆ, ಮರುದಿನ ಇಡೀ ದಿನ, ಅವಳ ಹಳೇ ಪುಸ್ತಕ ಮುಂದಿಟ್ಟುಕೊಂಡು ಪ್ರತಿ ಸಾಲು ನೋಡಿದೆವು. ಸರಿ ಇದ್ದದ್ದಕ್ಕೆ ಪೆನ್ಸಿಲ್ಲಿನಿಂದ ಗುರುತು ಹಾಕಿದಳು. ಇನ್ನೂ ಎರಡು ಕಡೆ ನಾನು ನಗಿಸಲು ಸೇರಿಸಿದ್ದ ಸುಳ್ಳುಗಳು ಸಿಕ್ಕವು. ನನಗೇ ನೆನಪಿರಲಿಲ್ಲ. ಎರಡನೆಯದು ಸಿಕ್ಕಾಗ ಅವಳು ಮತ್ತೆ ಮೊದಲನೇ ಹಾಳೆಗೆ ತಿರುವಿದಳು. ನಾನು ಏಳಬೇಕೆಂದರೆ, "ಕೂಡು" ಅಂದಳು. ಹುಟ್ಟಿದಾಗಿನಿಂದ ಅಷ್ಟು ಹೊತ್ತು ಕೂತದ್ದು ಅದೇ ಮೊದಲು. ಕಾಲು ಜೋಮು ಹಿಡಿಯಿತು.

ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು. ನಾಲ್ಕು ಮಾರ್ಕ್ಸು. ಇಬ್ಬರ ನಂಬರೂ ಒಂದೇ ಕೋಣೆಗೆ ಬಿದ್ದಿತ್ತು, ನಾನು ಕೂತಲ್ಲಿಂದ ಅಕ್ಕನ ಬೆನ್ನು, ಜಡೆ, ಬಲಗೈ ಕಾಣುತ್ತಿತ್ತು. ಬರೆಯುತ್ತಿದ್ದ ಕೈ ನಿಂತಿತು. ಬಹಳ ಹೊತ್ತು ನಿಂತಿತು. ನನ್ನ ಪೇಪರು ಖಾಲಿ ಬಿದ್ದಿತ್ತು, ನಾನು ಅವಳ ಮೊಣಕೈಯನ್ನೇ ಕಾಯುತ್ತಿದ್ದೆ. ಮೇಲ್ವಿಚಾರಕರು ಬಂದು, "ಏನಪಾ, ಉತ್ತರ ಆಕಿ ಜಡ್ಯಾಗ ಐತೇನು?" ಎಂದು ಮೆಲ್ಲಗೆ ಕೇಳಿ ಹೋದರು. ತಲೆ ತಗ್ಗಿಸಿದೆ.

ಹೊರಗೆ ಬಂದ ಕೂಡಲೇ ಕೇಳಿದೆ. "ಯಾವುದು ಬರದಿ? ಜಾಸ್ತಿನೋ ಕಮ್ಮಿನೋ?"

"ಮೊದಲಿಗಿ ಎರಡೂ ಕೇಳಸ್ತಿದ್ವು ನೋಡು. ಎರಡೂ ನಿನ್ನ ಬಾಯಿಲೆ, ನೀ ನಿನ್ನ ದನ್ಯಾಗ ತಿದ್ದಿದ್ರೂ ತಲ್ಯಾಗ ಎರಡೂ ಸರ ದನ್ಯಾಗ. ಯಾವುದು ಮೊದಲಿಂದು, ಯಾವುದು ತಿದ್ದಿದ್ದು, ತಿಳೀಲಿಲ್ಲ." ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು. "ನಿನ್ನ, ಸರನ್ನ, ಇಬ್ಬರನ್ನೂ ಹೊರಗ ಹಾಕಿದ್ನಿ. ಸೂತ್ರ ಬರದ್ನಿ. ಸ್ಥಿರಾಂಕ ಬದಲಾಗಂಗಿಲ್ಲ. ಗೆರಿ ಮ್ಯಾಲಿನ ಎರಡು ಅಯಾನದಾಗ ಒಂದು ಏರಿದ್ರ ಇನ್ನೊಂದು ಇಳೀಬೇಕು. ಅಷ್ಟ. ಯಾರೂ ಹೇಳೂದೇನು ಬೇಕಾಗಿಲ್ಲ ಅದಕ್ಕ."

ಅದನ್ನು ಅವಳು ನನಗೆ ಅಲ್ಲೇ ಮಣ್ಣಿನ ಮೇಲೆ ಕಡ್ಡಿಯಿಂದ ಬರೆದು ತೋರಿಸಿದಳು. ವರ್ಷವಿಡೀ ಒಪ್ಪಿಸಿದ ಪಾಠ ನನಗೆ ತಿಳಿದದ್ದು ಪರೀಕ್ಷೆ ಮುಗಿದ ಐದು ನಿಮಿಷಕ್ಕೆ.

ರಿಸಲ್ಟಿನ ದಿನ ಕಾಲೇಜಿನ ಬೋರ್ಡಿನಲ್ಲಿ ನಾನೇ ನಂಬರು ನೋಡಿದೆ. ಅಕ್ಕ ಪಾಸಾಗಿದ್ದಳು. ಕೆಮಿಸ್ಟ್ರಿಯಲ್ಲಿ ನನಗೆ ಮೂವತ್ತೈದು. ದಾಟಿದ್ದಲ್ಲ, ಹೊಸ್ತಿಲ ಮೇಲೆ ನಿಂತದ್ದು.

ಅಪ್ಪ ಅವತ್ತೇ ಯಲಬುರ್ಗಿಗೆ ಒಂದು ಕಾರ್ಡು ಬರೆದ. ಕಚೇರಿಯ ದುಂಡಗಿನ ಅಕ್ಷರ, ಎರಡೇ ಸಾಲು: ಮಗಳನ್ನು ಕೊಪ್ಪಳಕ್ಕೆ ಓದಲು ಕಳಿಸುತ್ತಿದ್ದೇನೆ. ತಾವು ಮೂರು ವರ್ಷ ಕಾಯುವುದಾದರೆ ಕಾಯಬಹುದು. ಪೋಸ್ಟಿನ ಡಬ್ಬಿಗೆ ಹಾಕು ಎಂದು ನನ್ನ ಕೈಗೆ ಕೊಟ್ಟ. ಬಾಗಿಲಲ್ಲಿ ಅಕ್ಕ ಅದನ್ನು ಇಸಗೊಂಡು ಓದಿದಳು. ಪೆನ್ನು ತಂದು ಎರಡನೇ ಸಾಲನ್ನು ಅಕ್ಷರ ಕಾಣದ ಹಾಗೆ ಹೊಡೆದುಹಾಕಿ, ಚಪ್ಪಲಿ ಮೆಟ್ಟಿ, ತಾನೇ ಹೋಗಿ ಡಬ್ಬಿಗೆ ಹಾಕಿ ಬಂದಳು.